ಎಣ್ಣಿ ಬಾಟಲಿ ಮ್ಯಾಲಿನ ‘ಸಿಸ್ಟಮಿಕ್’ ಅಂದ್ರ ಏನು?

ಸಿಂಧನೂರು ಕಡೆಯ ಅಣ್ಣಾರ, ನಿಮ್ಮ ಪ್ರಶ್ನೆ ಓದಿದೆ. ಮೆಣಸಿನಗಿಡಕ್ಕ ತಂದ ಎಣ್ಣಿ (ಹುಳಕ್ಕ ಹೊಡೆಯೋ ಔಷಧಿ) ಬಾಟಲಿ ಮ್ಯಾಲೆ ಇಂಗ್ಲಿಷಿನ್ಯಾಗ ‘ಸಿಸ್ಟಮಿಕ್’ ಅಂತ ಐತಿ. ಅಂಗಡಿಯವರು ‘ಸಿಸ್ಟಮೆಟಿಕ್ ಎಣ್ಣಿ ಇದು, ಎಲ್ಲಾ ಹುಳಾ ಹೋಗ್ತಾವ’ ಅಂದ್ರು. ಮಗಳು ಡಿಕ್ಷನರಿ ತೆಗೆದು ‘ವ್ಯವಸ್ಥೆಗೆ ಸಂಬಂಧಿಸಿದ್ದು’ ಅಂದ್ಲು. ಇದರಾಗ ಯಾವುದು ಖರೆ, ಮತ್ತ ಹೊಡೆದ ದಿನಾನ ಸಂಜಿಗೆ ಮಳಿ ಬಂದೈತಿ, ಇನ್ನೊಮ್ಮೆ ಹೊಡೀಬೇಕೇನು ಅಂತ ಕೇಳೀರಿ.

ಮಗಳು ನೋಡಿದ ಅರ್ಥ ತಪ್ಪಲ್ಲ, ಅರ್ಧಕ್ಕ ನಿಂತೈತಿ ಅಷ್ಟ. ಇಲ್ಲಿ ಸಿಸ್ಟಮ್ ಅಂದ್ರ ಗಿಡದ ಒಡಲು: ಬೇರು, ಕಾಂಡ, ಎಲಿಯೊಳಗ ರಸ ಹರಿಯೋ ನಾಳಗಳು. ಗಿಡದೊಳಗ ಹೊಕ್ಕು ಆ ರಸದ ಜತಿ ಹರಿದಾಡೋ ಔಷಧಿಗೆ ಸಿಸ್ಟಮಿಕ್ ಅಂತಾರ. ಕೃಷಿ ಪುಸ್ತಕದಾಗ ಇದಕ್ಕ ‘ಅಂತರ್ವ್ಯಾಪಿ’ ಅಂತ ಬರೀತಾರ, ಒಳಗ ಹರಡೋದು ಅಂತ ಅರ್ಥ. ಇದಕ್ಕ ಎದುರು ‘ಕಾಂಟ್ಯಾಕ್ಟ್’, ಅಂದ್ರ ಸ್ಪರ್ಶ ವಿಷ. ಅದು ಬಿದ್ದ ಜಾಗದಾಗ ಮಾತ್ರ ಕೆಲಸ ಮಾಡ್ತೈತಿ. ಮೊಣಕಾಲಿಗೆ ಮುಲಾಮು ಹಚ್ಚೋದಕ್ಕೂ ಗುಳಿಗಿ ನುಂಗೋದಕ್ಕೂ ಇರೋ ಫರಕ್ ಅಂದ್ಕೊಳ್ರಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಫೇಟ್, ಡೈಮೆಥೊಯೇಟ್, ರೋಗಕ್ಕ ಹೊಡೆಯೋ ಕಾರ್ಬೆಂಡಾಜಿಮ್ ಇವೆಲ್ಲ ಅಂತರ್ವ್ಯಾಪಿ. ಮ್ಯಾಂಕೋಜೆಬ್ ಎಲಿ ಮ್ಯಾಲೆ ಕೂತು ಕಾಯೋದು, ಒಳಗ ಹೋಗೋದಿಲ್ಲ.

ಮಧ್ಯದಾಗ ‘ಟ್ರಾನ್ಸ್‌ಲ್ಯಾಮಿನಾರ್’ ಅಂತ ಇನ್ನೊಂದು ಐತಿ. ಎಲಿ ಮ್ಯಾಲೆ ಬಿದ್ದದ್ದು ಎಲಿ ತೂರಿ ಅಡಿ ಮಗ್ಗಲಿಗೆ ಮುಟ್ತೈತಿ, ಆದ್ರ ಆ ಎಲಿ ಬಿಟ್ಟು ಬ್ಯಾರೆ ಎಲಿಗೆ ಹೋಗಂಗಿಲ್ಲ. ಅಬಾಮೆಕ್ಟಿನ್ ಹಿಂಗ ಕೆಲಸ ಮಾಡೋದು. ಅಡಿಯಾಗ ಕೂಡೋ ಮೈಟ್ ನುಸಿಗೆ ಇದು ಬೇಕಾದ ಗುಣ.

ಸಿಸ್ಟಮೆಟಿಕ್ ಅನ್ನೋದು ಬ್ಯಾರೇನ ಮಾತು. ಕ್ರಮ ಹಿಡಿದು ಮಾಡೋದು ಅಂತ ಅರ್ಥ. ಸಾಲಿಗೆ ಸಾಲು ಬಿಡ್ದಂಗ ಹೊಲ ತಿರುಗಿ ಹುಳಾ ನೋಡ್ತೀರಲ್ಲ, ಅದು ಸಿಸ್ಟಮೆಟಿಕ್. ಎಣ್ಣಿ ಸಿಸ್ಟಮಿಕ್. ಮಗಳಿಗೆ ಇನ್ನೊಂದು ಹೇಳ್ರಿ: ದವಾಖಾನಿ ರಿಪೋರ್ಟಿನ್ಯಾಗ ‘ಸಿಸ್ಟಮಿಕ್ ಇನ್ಫೆಕ್ಷನ್’ ಅಂದ್ರ ಸೋಂಕು ಒಂದು ಕಡೆ ನಿಲ್ದ ಮೈತುಂಬ ಹರಡೈತಿ ಅಂತ. ಇಂಗ್ಲಿಷ್ ಪೇಪರಿನ್ಯಾಗ ‘ಸಿಸ್ಟಮಿಕ್ ಫೇಲ್ಯೂರ್’ ಬಂದ್ರ ಒಬ್ಬಿಬ್ಬರ ತಪ್ಪಲ್ಲ, ಇಡೀ ಏರ್ಪಾಡೇ ಕೆಟ್ಟೈತಿ ಅಂತ. ಅಲ್ಲಿ ಅಕಿ ಹೇಳಿದ ‘ವ್ಯವಸ್ಥೆ’ ಸರಿಯಾಗಿ ಕೂಡ್ತೈತಿ.

ಇನ್ನ ‘ಎಲ್ಲಾ ಹುಳಾ ಹೋಗ್ತಾವ’ ಅನ್ನೋ ಮಾತಿಗೆ ಬರ್ತೀನಿ, ನಮ್ಮ ಕಡೆ ರೊಕ್ಕ ಹಾಳಾಗೋದು ಇಲ್ಲೇ. ಸಿಸ್ಟಮಿಕ್ ಅನ್ನೋದು ಔಷಧಿ ಯಾವ ದಾರಿಲೆ ಹೋಗ್ತೈತಿ ಅಂತ ಹೇಳ್ತೈತಿ. ಎಷ್ಟು ಜೋರು, ಯಾವ ಹುಳಕ್ಕ ಅನ್ನೋದು ಆ ಪದದಾಗ ಇಲ್ಲ. ಮನುಷ್ಯಾರಿಗೆ ಎಷ್ಟು ವಿಷ ಅಂತ ತಿಳೀಬೇಕಂದ್ರ ಬಾಟಲಿ ಮ್ಯಾಲಿನ ಬಣ್ಣ ನೋಡ್ರಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕಡೀಕ ಹಸಿರು. ಯಾವ ಬೆಳಿಗೆ, ಯಾವ ಹುಳಕ್ಕ, ಎಷ್ಟು ಅಳತಿ ಅನ್ನೋದು ಒಳಗ ಮಡಚಿಟ್ಟ ಚೀಟಿಯಾಗ ಇರ್ತೈತಿ. ಅಕ್ಷರ ಇರುವಿ ಗಾತ್ರ. ಮೊಬೈಲಿನ್ಯಾಗ ಫೋಟೋ ಹೊಡೆದು ದೊಡ್ಡದು ಮಾಡಿ ಓದ್ರಿ.

ರಸ ಹೀರೋ ಹುಳಕ್ಕ ಅಂತರ್ವ್ಯಾಪಿ ಛಲೋ ಹತ್ತೋದು ಯಾಕಂದ್ರ ಅದು ಕುಡಿಯೋ ರಸದಾಗ ವಿಷ ಇರ್ತೈತಿ. ಗಿಡದ ಹೇನು, ಜಿಗಿಹುಳ ಹಿಂಗ ಸಿಗ್ತಾವ. ಆದ್ರ ಇಮಿಡಾಕ್ಲೋಪ್ರಿಡ್ ಮೈಟ್ ನುಸಿಗೆ ನಡಿಯೋದಿಲ್ಲ, ಹತ್ತಿ ಕಾಯಿಯೊಳಗ ಹೊಕ್ಕ ಗುಲಾಬಿ ಹುಳಕ್ಕೂ ನಡಿಯೋದಿಲ್ಲ. ಮುಟುರು (ಎಲಿ ಮುದುಡೋ ಬ್ಯಾನಿ) ಅಂದ ಕೂಡಲೆ ಒಂದೇ ಬಾಟಲಿ ಎತ್ತಬ್ಯಾಡ್ರಿ: ಎಲಿ ಅಂಚು ಮ್ಯಾಲಕ್ಕ ದೋಣಿ ಆದಂಗ ಮಡಚಿದ್ರ ಬಹಳ ಸಲ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಕೆಳಕ್ಕ ಮಡಚಿದ್ರ ಮೈಟ್. ವೈರಸ್ ಹೊಕ್ಕ ಗಿಡ ಯಾವ ಎಣ್ಣಿಗೂ ವಾಸಿ ಆಗಂಗಿಲ್ಲ, ಅದನ್ನ ಹೊತ್ತು ತರೋ ಬಿಳಿ ನೊಣ ತಡಿಬಹುದು ಅಷ್ಟ.

2021-22ರ ಹಂಗಾಮಿನ್ಯಾಗ ನಮ್ಮ ರಾಯಚೂರು, ಬಳ್ಳಾರಿ ಸೀಮಿ ಮೆಣಸಿನಕಾಯಿಗೆ ಬಿದ್ದ ಕಪ್ಪು ಥ್ರಿಪ್ಸ್ ನೆನಪೈತಲ್ಲ? ಅದು ಕೂಡೋದೇ ಹೂವಿನೊಳಗ. ರಸದ ಜತಿ ಏರಿದ ಔಷಧಿ ಎಲಿಗೆ ಹೋದಷ್ಟು ಹೂವಿಗೆ ಹೋಗೋದಿಲ್ಲ. ಅಂತರ್ವ್ಯಾಪಿ ಹೊಡೆದು ಕಾಯ್ಕೊಂತ ಕೂತವರ ಹೂವು ಉದುರಿದ್ದಕ್ಕ ಇದೂ ಒಂದು ಕಾರಣ ಇರಬಹುದು. ಎಲಿಗೆ ಹೊಡೆದ ಇಂಥ ಔಷಧಿ ಬಹಳಷ್ಟು ಅದೇ ಎಲಿಯ ತುದಿ ಕಡೆ ಸರಿಯೋದು, ಹಳೇ ಎಲಿಯಿಂದ ಇಳಿದು ಬಂದು ಹೊಸ ಚಿಗುರಿಗೆ ಹತ್ತೋದು ಕಡಿಮಿ. ಹಂಗಾಗಿ ‘ಸಿಸ್ಟಮಿಕ್ ಐತಿ, ಮ್ಯಾಲೆ ಮ್ಯಾಲೆ ಹೊಡ್ದ್ರ ನಡೀತೈತಿ’ ಅನ್ನೋದು ಸುಳ್ಳು. ಗಿಡ ಪೂರ್ತಿ ತೋಯಬೇಕು.

ಮಳಿ ವಿಷಯ. ಒಳಗ ಇಳಿಯಾಕ ಕೆಲವು ತಾಸು ಬೇಕು. ಮುಂಜಾನೆ ಹೊಡೆದು, ಎಲಿ ಒಣಗಿ, ಸಂಜಿಗೆ ಮಳಿ ಬಂದಿದ್ರ ಸುಮ್ಮನಿರ್ರಿ, ಎರಡು ಮೂರು ದಿನ ಬಿಟ್ಟು ಹುಳಾ ನೋಡಿ ತೀರ್ಮಾನ ಮಾಡ್ರಿ. ಹೊಡೆದ ಬೆನ್ನಿಗೇ ರಪರಪ ಬಂದಿದ್ರ ತೊಳದ್ಹೋಗೈತಿ. ಎರಿ ಹೊಲ ಬಿರುಕು ಬಿಟ್ಟು ಗಿಡ ಬಾಡಿದಾಗಲೂ ಇವು ಸರಿಯಾಗಿ ಹತ್ತೋದಿಲ್ಲ, ರಸ ಓಡಿದ್ರ ತಾನ ಔಷಧಿ ಓಡೋದು? ಮೊದಲು ನೀರು ಬಿಡ್ರಿ.

ಹೊಲದ ಕಸಕ್ಕ (ಕಳೆಗೆ) ಹೊಡೆಯೋ ಗ್ಲೈಫೋಸೇಟೂ ಸಿಸ್ಟಮಿಕ್ಕೇ, ಅದು ಎಲಿಯಿಂದ ಬೇರಿಗೂ ಇಳೀತೈತಿ. ಅದಕ್ಕ ತುಂಗಭದ್ರಾ ಎಡದಂಡೆ ಕಾಲುವಿಯ ಕೆಂಪು ರಾಡಿ ನೀರು ಕಲಿಸಬ್ಯಾಡ್ರಿ, ಮಣ್ಣಿನ ಕಣಕ್ಕ ಅಂಟಿ ಔಷಧಿ ಕೆಲಸಾನ ಮಾಡಂಗಿಲ್ಲ.

ಇನ್ನೊಂದು ಪದ ಚೀಟಿಯಾಗ ಹುಡುಕ್ರಿ: ‘ವೇಟಿಂಗ್ ಪೀರಿಯಡ್’. ಕಡೀ ಸಲ ಹೊಡೆದ ಮ್ಯಾಲೆ ಕಾಯಿ ಬಿಡಿಸಾಕ ಎಷ್ಟು ದಿನ ತಡೀಬೇಕು ಅನ್ನೋದು. ಗಿಡದೊಳಗ ಹೊಕ್ಕ ವಿಷ ಕಾಯಿ ತೊಳೆದ್ರ ಹೋಗಂಗಿಲ್ಲ, ಅದಕ್ಕ ಹಸಿಕಾಯಿ ಸಂತಿಗೆ ಒಯ್ಯೋರು ಇದನ್ನ ನೋಡಲೇಬೇಕು.

ಬಾಟಲಿ ಹಿಂದಿನ ಫೋಟೋ, ಮುಟುರಿದ ಎಲಿಯ ಫೋಟೋ, ಒಂದು ಹೂವು ಬಿಳಿ ಹಾಳಿ ಮ್ಯಾಲೆ ಝಾಡಿಸಿದ ಫೋಟೋ ಇಲ್ಲಿ ಹಾಕ್ರಿ. ಅರ್ಜೆಂಟ್ ಇದ್ರ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕ ಹಚ್ರಿ, ಕನ್ನಡದಾಗ ಮಾತಾಡ್ತಾರ.