ಅಂಗಾಂಗ ದಾನದ ಕಥೆ ಕಳುಹಿಸಿದ ಲೇಖಕರಿಗೆ

ಮಾನ್ಯರೇ,

ನಿಮ್ಮ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಬೈಕ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯಗೊಂಡ ಮಗನಿಗಾಗಿ ಐಸಿಯು ಹೊರಗೆ ಕಾಯುವ ಗಂಗಮ್ಮ, ಆತನ ಹೃದಯವನ್ನು ಒಬ್ಬ ಉದ್ಯಮಿಯ ಮಗಳಿಗೆ ಕೊಡುವಂತೆ ಆಕೆಯನ್ನು ಒಪ್ಪಿಸಿ ತಾನೇ ಕಸಿ ಮಾಡುವ ವೈದ್ಯ, ಋಣ ತೀರಿಸಲೆಂದು ಆಸ್ಪತ್ರೆಯ ಬಿಲ್ಲು ಕಟ್ಟಿ ಮನೆ ಕಟ್ಟಿಸಿಕೊಡುವ ಉದ್ಯಮಿ, ಇವರು ನಿಮ್ಮ ಪಾತ್ರಗಳು. ಗಂಗಮ್ಮನ ಮಾತುಗಳಲ್ಲಿ ಜೀವವಿದೆ. ಆದರೂ ಈಗಿನ ರೂಪದಲ್ಲಿ ಕಥೆಯನ್ನು ಪ್ರಕಟಿಸಲಾರೆ.

ನೀವು ಔದಾರ್ಯವೆಂದು ಚಿತ್ರಿಸಿರುವುದು ಕಾನೂನಿನ ಕಣ್ಣಿಗೆ ಅಪರಾಧವಾಗಿದ್ದು, ಅದು ಕಥೆಗಾರರಾದ ನಿಮ್ಮ ಗಮನಕ್ಕೇ ಬಂದಿಲ್ಲ. ಬಡವರ ಮೂತ್ರಪಿಂಡಗಳ ವ್ಯಾಪಾರಕ್ಕೆ ತಡೆಯೊಡ್ಡಲು ಬಂದ 1994ರ ಮಾನವ ಅಂಗಾಂಗ ಕಸಿ ಕಾಯ್ದೆ, ಅಂಗಕ್ಕೆ ಪ್ರತಿಯಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. 2011ರ ತಿದ್ದುಪಡಿಯ ನಂತರ ಅದಕ್ಕೆ ಐದರಿಂದ ಹತ್ತು ವರ್ಷಗಳ ಸೆರೆವಾಸವೂ 20 ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ ದಂಡವೂ ಇದೆ. ಕೊಟ್ಟವನ ಮನಸ್ಸು ಒಳ್ಳೆಯದಿತ್ತೆಂಬುದು ಇಲ್ಲಿ ಸಾಲದು. ಮನೆಯ ಆಸೆ ಒಮ್ಮೆ ತೋರಿಸಿದ ಮೇಲೆ ಗಂಗಮ್ಮನ ಒಪ್ಪಿಗೆ ಎಷ್ಟರ ಮಟ್ಟಿಗೆ ಆಕೆಯದೇ ಎಂಬ ಪ್ರಶ್ನೆಯನ್ನು ಕಥೆ ಕೇಳಲೇಬೇಕಿತ್ತು.

ವೈದ್ಯನ ಪಾತ್ರವಂತೂ ನಿಲ್ಲುವುದೇ ಇಲ್ಲ. ಮೆದುಳಿನ ಸಾವನ್ನು ದೃಢೀಕರಿಸಲು ನಾಲ್ವರು ವೈದ್ಯರು ಬೇಕು; ಕಸಿ ಮಾಡುವ ತಂಡದವರು ಅವರಲ್ಲಿ ಇರುವಂತಿಲ್ಲ. ರೋಗಿಯನ್ನು ಉಳಿಸಬೇಕಾದವನಿಗೆ ಆತನ ಅಂಗದ ಮೇಲೆ ಕಣ್ಣಿರಬಾರದು ಎಂಬುದೇ ಈ ನಿಯಮದ ತಿರುಳು. ಹೃದಯ ಯಾರಿಗೆ ಎಂಬುದನ್ನೂ ವೈದ್ಯ ತೀರ್ಮಾನಿಸುವಂತಿಲ್ಲ. ಕರ್ನಾಟಕದಲ್ಲಿ ಅದನ್ನು ಜೀವಸಾರ್ಥಕತೆ ಸಂಸ್ಥೆ ನೋಂದಾಯಿತರ ಸರದಿ ಪಟ್ಟಿಯಂತೆ ಹಂಚುತ್ತದೆ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ‘ಪರೀಕ್ಷೆಗಳು ಮುಗಿದವು, ತಾಯಿ ತಲೆಯಾಡಿಸಿದಳು’ ಎಂಬ ಒಂದೇ ವಾಕ್ಯದಲ್ಲಿ ನೀವು ಕಥೆಯ ಹೃದಯಭಾಗವನ್ನೇ ದಾಟಿಬಿಟ್ಟಿದ್ದೀರಿ. ಕಣ್ಣಿಗೆ ಬೆಳಕು ಬಿಟ್ಟು, ಕಿವಿಯೊಳಗೆ ತಣ್ಣೀರು ಹಾಯಿಸಿ, ಕೊನೆಗೆ ವೆಂಟಿಲೇಟರಿನಿಂದ ಬೇರ್ಪಡಿಸಿ ಎದೆ ತಾನಾಗಿ ಉಸಿರಿಗೆ ಏಳುತ್ತದೆಯೇ ಎಂದು ವೈದ್ಯರು ಕಾದು ನೋಡುತ್ತಾರೆ. ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಇದೆಲ್ಲವನ್ನೂ ಮತ್ತೊಮ್ಮೆ ಮಾಡುತ್ತಾರೆ. ಆ ಆರು ಗಂಟೆ ಗಂಗಮ್ಮ ಎಲ್ಲಿದ್ದಳು? ಮೈ ಬೆಚ್ಚಗಿದೆ, ಮಾನಿಟರಿನಲ್ಲಿ ಹೃದಯದ ಬಡಿತ ಕಾಣುತ್ತಿದೆ, ಆದರೂ ಮಗ ಇಲ್ಲ ಎಂಬ ಮಾತನ್ನು ಆಕೆ ಹೇಗೆ ನಂಬಿದಳು, ಅಥವಾ ನಂಬದೆಯೇ ಒಪ್ಪಿದಳೇ? 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಕುಟುಂಬ ಅವರ ಅಂಗಾಂಗ ದಾನಕ್ಕೆ ಒಪ್ಪಿದ ಸುದ್ದಿಯನ್ನು ಓದಿದ ನಮ್ಮ ಓದುಗರಿಗೆ ‘ಮೆದುಳು ನಿಷ್ಕ್ರಿಯ’ ಎಂಬ ಮಾತು ಹೊಸದಲ್ಲ. ಆ ಬಾಗಿಲ ಹೊರಗೆ ಕುಳಿತವರ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸುದ್ದಿ ಹೇಳಲಾರದು, ಕಥೆ ಹೇಳಬಲ್ಲದು.

ಇನ್ನೊಂದು ಮಾತು. ದಾನಕ್ಕೆ ಒಪ್ಪಬಹುದು, ನಿರಾಕರಿಸಲೂಬಹುದು ಎಂದು ಮನೆಯವರಿಗೆ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಹಾಗೆ ತಿಳಿಸುವ ಕೆಲಸದಲ್ಲಿ ಕಸಿ ಸಂಯೋಜಕರು ಇರುತ್ತಾರೆ. ನಿಮ್ಮ ವೈದ್ಯ ‘ಬೇಡ ಅಂದರೆ ಆ ಹುಡುಗಿಯ ಸಾವು ನಿನ್ನ ತಲೆಗೆ’ ಎನ್ನುತ್ತಾನೆ. ಕಥೆಯೂ ಅವನ ಪರವಾಗಿ ನಿಲ್ಲುತ್ತದೆ. ಅಂಗಾಂಗ ದಾನ ಹೆಚ್ಚಬೇಕೆಂದು ನಾನೂ ಮನಸಾರೆ ಬಯಸುತ್ತೇನೆ. ಆದರೆ ಬೇಡ ಎನ್ನುವ ದಾರಿಯನ್ನು ಮುಚ್ಚಿ ಪಡೆದದ್ದನ್ನು ದಾನವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹುಡುಗಿಯ ಎದೆಗೆ ಗಂಗಮ್ಮ ಕಿವಿಗೊಡುವ ಕೊನೆಯ ದೃಶ್ಯವನ್ನು ಕೈಬಿಡಿ. ದಾನಿ ಮತ್ತು ಪಡೆದವರ ಗುರುತನ್ನು ಪರಸ್ಪರ ತಿಳಿಸದಿರುವುದು ನಡೆದುಬಂದ ಪದ್ಧತಿ, ಮೇಲಾಗಿ ಆ ದೃಶ್ಯ ಬಹಳ ಸವೆದಿದೆ. ಉದ್ಯಮಿಯನ್ನು ಉಳಿಸಿಕೊಳ್ಳುವುದಾದರೆ ಅವನ ಹಣವನ್ನು ಅಪರಾಧವೆಂದೇ ತಿಳಿದು ಬರೆಯಿರಿ; ಇಲ್ಲವಾದರೆ ಅವನಿಲ್ಲದೆ, ಎರಡು ಪರೀಕ್ಷೆಗಳ ನಡುವಿನ ಆ ಹೊತ್ತನ್ನಷ್ಟೇ ಬರೆದು ಕಳುಹಿಸಿ, ಮತ್ತೆ ಓದುತ್ತೇನೆ.

ಇತಿ,
ಸಂಪಾದಕ