ಕಿವಿಯಂಥ ಲೋಳೆ ಅಣಬೆಗೂ ಕಾಡುಮೊಲಕ್ಕೂ ಏನಾದರೂ ಹೋಲಿಕೆ ಇದೆಯೇ?

ಸತ್ತ ಮರದ ಮೇಲೆ ಮೂಡುವ ಕಿವಿ ಅಣಬೆಯನ್ನು ಕಾಡುಮೊಲದೊಂದಿಗೆ ಹೋಲಿಸಿ ಎಂದಿದ್ದೀರಿ, ಎರಡರಲ್ಲಿ ಯಾವುದನ್ನು ತಿನ್ನಬಹುದು ಎಂದೂ ಕೇಳಿದ್ದೀರಿ. ತಮಾಷೆಗೆ ಕೇಳಿದ್ದರೂ ಪ್ರಶ್ನೆಯಲ್ಲಿ ಹುರುಳಿದೆ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಇಲ್ಲಿ ಅಣಬೆ ತೋಟದ ಅಂಚಿನ ಒಣಮರಗಳಲ್ಲಿ ಸಿಗುತ್ತದೆ, ಮೊಲ ಮುರಕಲ್ಲಿನ ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ, ಹುಲ್ಲಿನಲ್ಲಿ.

ಕಿವಿಯ ಆಕಾರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ನಂಟು ವಂಶದ್ದು. ಅಣಬೆಯನ್ನು ಗಿಡಗಳ ಸಾಲಿಗೆ ಸೇರಿಸುವುದು ರೂಢಿಯಾದರೂ ಅದು ತಾನು ಅಂಟಿಕೊಂಡ ಮರಕ್ಕಿಂತ ಮೊಲಕ್ಕೇ ಹತ್ತಿರದ ಸಂಬಂಧಿ. ಸಸ್ಯಗಳ ಕವಲು ಬೇರೆಯಾದ ಎಷ್ಟೋ ಕಾಲದ ನಂತರ ಪ್ರಾಣಿಗಳೂ ಶಿಲೀಂಧ್ರಗಳೂ ದಾರಿ ಬದಲಿಸಿದವು. ಮರ ಆಹಾರವನ್ನು ಪಿಷ್ಟವಾಗಿ ಕೂಡಿಡುತ್ತದೆ. ಅಣಬೆಯೂ ಮೊಲವೂ ಗ್ಲೈಕೋಜನ್ ರೂಪದಲ್ಲಿ. ಅಣಬೆಯ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ನಮ್ಮ ಸಿಗಡಿಯ ಚಿಪ್ಪಿನಲ್ಲೂ ಇದೆ.

ನನಗೆ ಸ್ವಾರಸ್ಯ ಕಾಣುವುದು ಊಟದಲ್ಲಿ. ಇಬ್ಬರ ಪಾಲಿಗೂ ಬಂದಿರುವುದು ಸೆಲ್ಯುಲೋಸ್ ನಾರು. ಕಣ್ಣಿಗೆ ಬೀಳುವ ಕಿವಿ ಅಣಬೆಯ ಫಲ ಮಾತ್ರ. ಅದರ ಮೈಯೆಲ್ಲ ಮರದೊಳಗೆ ಎಳೆಎಳೆಯಾಗಿ ಹಬ್ಬಿರುತ್ತದೆ. ಆ ಎಳೆಗಳು ಕಿಣ್ವ ಒಸರಿಸಿ, ಮರವನ್ನು ಇದ್ದಲ್ಲೇ ಕರಗಿಸಿ ಹೀರುತ್ತವೆ. ಮೊಲಕ್ಕೆ ಅಂಥ ಕಿಣ್ವವಿಲ್ಲ. ದೊಡ್ಡ ಕರುಳಿನ ಆರಂಭದ ಚೀಲದಲ್ಲಿರುವ ಬ್ಯಾಕ್ಟೀರಿಯಾಗಳೇ ಅದರ ಹುಲ್ಲನ್ನು ಕೊಳೆಸಬೇಕು. ತೊಂದರೆಯೆಂದರೆ, ಸಾರ ಹೀರುವ ಸಣ್ಣ ಕರುಳು ಅದಕ್ಕೂ ಮೊದಲೇ ಮುಗಿದುಹೋಗಿರುತ್ತದೆ! ಹಾಗಾಗಿ ಮೊಲ ಹಗಲು ಮರೆಯಲ್ಲಿ ಕುಳಿತು, ಆ ಚೀಲದಿಂದ ಬರುವ ಮೆದು ಹಿಕ್ಕೆಯನ್ನು ಗುದದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಪದವಿನಲ್ಲಿ ನಮಗೆ ಕಾಣಸಿಗುವುದು ಆಮೇಲಿನ ಗಟ್ಟಿ ಹಿಕ್ಕೆ. ಒಣಗಿದ್ದನ್ನು ಬೆರಳಲ್ಲಿ ಹಿಸುಕಿ ನೋಡಿ, ಬರೀ ಹುಲ್ಲಿನ ಹೊಟ್ಟು ಉದುರುತ್ತದೆ.

ಬೇಸಿಗೆ ಎದುರಿಸುವುದರಲ್ಲಿ ಅಣಬೆಯದೇ ಮೇಲುಗೈ. ಅದು ಮುರುಟಿ ಕಪ್ಪು ಚಕ್ಕೆಯಾಗಿ ಕಾಯುತ್ತದೆ; ಮಳೆ ಬಿದ್ದರೆ ಉಬ್ಬಿ, ಮೆತ್ತಗಾಗಿ, ಮತ್ತೆ ಬೀಜಕಣಗಳನ್ನು ತೂರುತ್ತದೆ. ಮೊಲಕ್ಕೆ ಬಿಲವೂ ಇಲ್ಲ. ಹುಲ್ಲಿನ ನಡುವಿನ ತಗ್ಗೇ ಮನೆ. ತೆಳು ಕಿವಿಗಳ ರಕ್ತನಾಳಗಳ ಮೂಲಕ ಮೈಯ ಶಾಖವನ್ನು ಹೊರಹಾಕುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈತುಂಬ ರೋಮವಿರುತ್ತದೆ.

ತಿನ್ನುವ ವಿಚಾರ: ಕಾಡುಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಿವಿ ಅಣಬೆಯನ್ನು ಚೀನಾದಲ್ಲಿ ಬೆಳೆಸಿಯೇ ತಿನ್ನುತ್ತಾರೆ. ನಿಮ್ಮ ಹಿತ್ತಿಲಲ್ಲಿ ಬಂದದ್ದನ್ನು ಮಾತ್ರ ಮೊಬೈಲ್ ಚಿತ್ರ ನೋಡಿ ಬಾಣಲೆಗೆ ಹಾಕಬೇಡಿ. ಬಲ್ಲವರ ಕೈಗೆ ಕೊಟ್ಟು ಕೇಳಿ.