ಆಪರೇಷನ್‌ಗೆ ಮುಂಚೆ ಮಗುವಿಗೆ ಎದೆಹಾಲು ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ನನ್ನ ಮಗನಿಗೆ ಐದು ತಿಂಗಳು. ಮುಂದಿನ ವಾರ ಬೆಳಿಗ್ಗೆ 8.30ಕ್ಕೆ ಹರ್ನಿಯಾ ಆಪರೇಷನ್. ಅವನಿಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಮೊದಲು ನಿಲ್ಲಿಸಿ ಎಂದರು. ಅತ್ತೆ ರಾತ್ರಿ ಹನ್ನೆರಡರ ಮೇಲೆ ಬೇಡವೇ ಬೇಡ ಎನ್ನುತ್ತಾರೆ. ಹಸಿದು ಅತ್ತರೆ ಏನು ಮಾಡಲಿ?
– ಒಬ್ಬ ತಾಯಿ, ತರೀಕೆರೆ

ಉತ್ತರ: ಆಸ್ಪತ್ರೆಯವರು ಹೇಳಿದ್ದೇ ಸರಿ. ಅತ್ತೆಯವರನ್ನೂ ಬಯ್ಯಬೇಡಿ, ಹಿಂದೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು.

ಅರಿವಳಿಕೆ ಕೊಟ್ಟಾಗ ಮಗುವಿಗೆ ಕೆಮ್ಮಲು, ನುಂಗಲು ಆಗುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ನಮಗಿರುವ ಭಯ ಅದೇ. ಹಸುವಿನ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆದು ಕೂರುತ್ತದೆ, ಅದಕ್ಕೆ ಆರು ಗಂಟೆ ಬೇಕು. ಡಬ್ಬದ ಹಾಲಿಗೂ ರಾಗಿ ಸರಿಗೂ ಅಷ್ಟೇ. ಎದೆಹಾಲು ಬೇಗ ಇಳಿಯುತ್ತದೆ, ನಾಲ್ಕು ಸಾಕು. ಯುರೋಪಿನ ಅರಿವಳಿಕೆ ತಜ್ಞರು 2022ರಲ್ಲಿ ಅದನ್ನು ಮೂರಕ್ಕೇ ಇಳಿಸಿದ್ದಾರೆ. ಆದರೆ ನೀವು ನಿಮ್ಮ ಆಸ್ಪತ್ರೆ ಹೇಳಿದ ನಾಲ್ಕನ್ನೇ ಹಿಡಿಯಿರಿ.

ಲೆಕ್ಕ ಶುರುವಾಗುವುದು ಮಗು ಕುಡಿದು ಮುಗಿಸಿದ ಹೊತ್ತಿನಿಂದ. ಹಾಗಾಗಿ 3.45ಕ್ಕೆ ಅಲಾರಂ ಇಡಿ, 4.30ರೊಳಗೆ ಮುಗಿಸಿ. ಮಲಗಿದ್ದರೂ ಎಬ್ಬಿಸಿ! 'ಪಾಪ, ನಿದ್ದೆ ಮಾಡಲಿ' ಎಂದು ಬಿಟ್ಟರೆ ರಾತ್ರಿ ಹತ್ತಕ್ಕೆ ಕುಡಿದ ಮಗು ಹತ್ತೂವರೆ ಗಂಟೆ ಉಪವಾಸ ಇದ್ದಂತಾಯಿತು. ಇಷ್ಟು ಚಿಕ್ಕ ಮಕ್ಕಳಿಗೆ ರಕ್ತದ ಸಕ್ಕರೆ ಇಳಿಯಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಸೂಜಿ ಹಾಕಲು ನರವೂ ಸಿಗುವುದಿಲ್ಲ. ಜಾಸ್ತಿ ಹೊತ್ತು ಹಸಿದರೆ ಜಾಸ್ತಿ ಕ್ಷೇಮ ಎಂದೇನಿಲ್ಲ.

ಆಮೇಲೆ ಅತ್ತರೆ ಅತ್ತೆಯವರೇ ಎತ್ತಿಕೊಳ್ಳಲಿ. ನಿಮ್ಮ ತೋಳಿನಲ್ಲಿದ್ದರೆ ಹಾಲಿಗೇ ಹಟ ಮಾಡುತ್ತಾನೆ, ಅಲ್ವಾ? ಸಮಾಧಾನಕ್ಕೆ ಗ್ರೈಪ್ ವಾಟರ್ ಬೇಡ. ಜೇನು ನೆಕ್ಕಿಸುವುದಂತೂ ವರ್ಷ ತುಂಬುವವರೆಗೆ ಯಾವತ್ತೂ ಬೇಡ. ಎರಡು ಗಂಟೆ ಮುಂಚಿನವರೆಗೆ ಸ್ವಲ್ಪ ನೀರು ಕೊಡಬಹುದೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.

ಆಪರೇಷನ್ ತಡವಾಗುತ್ತದೆ ಎಂದರೆ ಸುಮ್ನೆ ಕೂರಬೇಡಿ. 'ಇನ್ನೊಮ್ಮೆ ಹಾಲು ಕೊಡಲೇ?' ಎಂದು ಕೇಳಿ. ಮನೆಯವರು ಯಾರಾದರೂ ಏನಾದರೂ ಕುಡಿಸಿಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಗಬಹುದು, ಅಷ್ಟೇ.

ಇನ್ನು ನೀವು. ಮಗುವಿನ ಜೊತೆ ತಾಯಿಯೂ ಉಪವಾಸ ಕೂರುವುದನ್ನು ನೋಡುತ್ತಲೇ ಇರುತ್ತೇನೆ, ಅದರ ಅಗತ್ಯವೇ ಇಲ್ಲ. ಇಡ್ಲಿ ತಿಂದು, ನೀರು ಕುಡಿದು ಬನ್ನಿ. ಎದೆ ಬಿಗಿದರೆ ಹಾಲು ಹಿಂಡಿ ತೆಗೆಯಿರಿ. ಸಾಮಾನ್ಯವಾಗಿ ಈ ಆಪರೇಷನ್ ಆದಮೇಲೆ ಮಗು ಚೆನ್ನಾಗಿ ಎಚ್ಚರವಾದ ಕೂಡಲೇ ಹಾಲು ಕೊಡಲು ಬಿಡುತ್ತಾರೆ.